ಆ ನೋಟ್‌ಬುಕ್ಕನ್ನಾದರೂ ಹಿಂದಿರುಗಿಸಿ

ಮಾನ್ಯರೆ,

ತಮ್ಮ ನಾಮಧೇಯವನ್ನಾಗಲಿ ಕಚೇರಿಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ರಾಯಚೂರಿನ ಆ ಸಭೆಯಲ್ಲಿದ್ದವರೆಲ್ಲ ತಮ್ಮನ್ನು ಬಲ್ಲರು. ಮೂರು ಪತ್ರಗಳನ್ನು ಬರೆದು, ಎರಡು ಸಲ ದೇವದುರ್ಗದಿಂದ ಬಸ್ಸಿನಲ್ಲಿ ಬಂದು, ತಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕಾದು ಹಿಂದಿರುಗಿದ ಮೇಲೆ ಈ ಬಹಿರಂಗ ಮಾರ್ಗವನ್ನು ಹಿಡಿಯಬೇಕಾಯಿತು.

ಅಂದು ಆ ಸಭೆಯಲ್ಲಿ ನಮ್ಮ ವಿದ್ಯಾರ್ಥಿಗಳು ತಮ್ಮೆದುರು ಆಡಿ ತೋರಿಸಿದ್ದು, ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡವು 2020ರಲ್ಲಿ ಹೊರತಂದ ‘ರಾಜಿ’ ಎಂಬ ವಿಡಿಯೊ ಗೇಮನ್ನು. ಅಸುರರು ಒಯ್ದ ತಮ್ಮನನ್ನು ಅರಸಿ ಹೊರಟ ಬಾಲೆಯ ಕಥೆ ಅದು. ಅಲ್ಪದ್ರವ್ಯದಿಂದ ನಿರ್ಮಿತವಾದುದರ ಗುರುತುಗಳು ಅದರಲ್ಲಿ ಇಲ್ಲದಿಲ್ಲ: ಕಾಳಗವು ಬರಬರುತ್ತ ಒಂದೇ ಅಚ್ಚಿಗೆ ಬೀಳುತ್ತದೆ, ಕ್ಯಾಮೆರಾದ ಕೋನದಿಂದ ಜಿಗಿತದ ದೂರ ತಿಳಿಯದೆ ಹುಡುಗಿ ವೃಥಾ ಕಂದಕಕ್ಕೆ ಉರುಳುತ್ತಾಳೆ, ಕಥೆಯಂತೂ ಕಾವೇರಿದ ಗಳಿಗೆಯಲ್ಲಿಯೇ ಥಟ್ಟನೆ ಮುಗಿದುಹೋಗುತ್ತದೆ. ಆದರೆ ತೊಗಲುಗೊಂಬೆಯ ನೆರಳಿನಲ್ಲಿ ಕಥೆಯನ್ನು ಬಿಚ್ಚುವ ರೀತಿಯೂ, ಭಿತ್ತಿಚಿತ್ರದೆದುರು ನಿಂತಾಗ ಪುರಾಣವು ನಮ್ಮ ಕಿವಿಗೆ ಬೀಳುವ ಸೊಗಸೂ ಕೋಟಿಗಳ ವೆಚ್ಚದ ಆಟಗಳಲ್ಲಿ ನಾನು ಕಾಣದ ಸಂಪತ್ತು.

ಅದನ್ನು ಕಂಡೇ ಅಲ್ಲವೇ ಅವರಲ್ಲೊಬ್ಬನಾದ ಮಾನ್ವಿಯ ಹುಡುಗ ನಮ್ಮ ರಾಯಚೂರಿನ ಕೋಟೆಗೆ ಹೋದದ್ದು? 1294ರ ಶಾಸನವನ್ನು ಹೊತ್ತ, 40 ಅಡಿಗೂ ಮಿಗಿಲಾದ ಆ ಶಿಲೆಯನ್ನು ಬಂಡಿಗೇರಿಸಿ ಕೋಣಗಳಿಂದ ಎಳೆಸಿ ತಂದ ದೃಶ್ಯವು ಗೋಡೆಯಲ್ಲಿ ಕೊರೆದಿರುವುದನ್ನು ಅವನು ತನ್ನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಕಲ್ಲು ಸಾಗುವ ದಾರಿಯನ್ನೇ ಒಂದು ಆಟವಾಗಿ ಹೆಣೆದಿದ್ದ. ಕೋಣ ಎಲ್ಲಿ ಮುಗ್ಗರಿಸಬೇಕು, ಗಾಲಿ ಎಲ್ಲಿ ಹೂತುಕೊಳ್ಳಬೇಕು ಎಂಬುದಕ್ಕೂ ಬಾಣದ ಗುರುತು ಹಾಕಿದ್ದ. ಸಭೆಯಲ್ಲಿ ತಾವು ಅದರ ಪುಟ ತಿರುಗಿಸಿ, ದೀಪಾವಳಿಯೊಳಗೆ ಆರು ಕಂಪ್ಯೂಟರ್, ಒಂದು ತಿಂಗಳ ತರಬೇತಿ ಎಂದು ಸರ್ವರೆದುರು ನುಡಿದು, ಮೇಲಿನವರಿಗೆ ತೋರಿಸಿ ಹಿಂದಿರುಗಿಸುವೆನೆಂದು ಆ ನೋಟ್‌ಬುಕ್ಕನ್ನು ಚೀಲಕ್ಕೆ ಸೇರಿಸಿದಿರಿ.

ದೀಪಾವಳಿ ಕಳೆಯಿತು, ಯುಗಾದಿಯೂ ಕಳೆಯಿತು. ಕಂಪ್ಯೂಟರ್ ಬರಲಿಲ್ಲ. ನೋಟ್‌ಬುಕ್ಕೂ ಬರಲಿಲ್ಲ. ಕೇಳಲು ಬಂದವನಿಗೆ ನಿಮ್ಮ ಗುಮಾಸ್ತರು ಕೊಟ್ಟ ಉತ್ತರ, “ಆಟದ ಪುಸ್ತಕಕ್ಕೆ ಇಷ್ಟು ಓಡಾಟವೇನ್ರೀ?” ಎಂಬುದು.

ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲಿಯೇ ನೀತಿ ರೂಪಿಸಿದ ರಾಜ್ಯ ನಮ್ಮದು. 2024ರಲ್ಲಿ ಮತ್ತೊಂದು ನೀತಿಯೂ ಬಂದಿತು. ಅವು ಬೆಂಗಳೂರನ್ನು ದಾಟಿ ಕೃಷ್ಣಾ ತುಂಗಭದ್ರೆಯರ ನಡುವಣ ಈ ನೆಲಕ್ಕೆ ಬರುವುದು ಯಾವಾಗ? ಶಕ್ತಿನಗರದ ವಿದ್ಯುತ್ತು ನಾಡಿಗೆ ಬೇಕು, ಹಟ್ಟಿಯ ಚಿನ್ನ ಬೇಕು, ಇಲ್ಲಿಯ ಮಕ್ಕಳ ಕಲ್ಪನೆ ಮಾತ್ರ ಬೇಡವೆ? ಹುಡುಗರಿಗೆ ಆಸೆ ಹುಟ್ಟಿಸಿ ಕೈಬಿಡುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು?

ಕಂಪ್ಯೂಟರಿನ ಮಾತನ್ನು ನಾವು ಬಿಡುವವರಲ್ಲ. ಅದಕ್ಕೆ ಮೊದಲು ಆ ನೋಟ್‌ಬುಕ್ಕನ್ನು ಹುಡುಕಿಸಿ, ಈ ವಾರದೊಳಗೆ ಮಾನ್ವಿಗೆ ಅಂಚೆಯಲ್ಲಿ ಕಳುಹಿಸಿ. ಹುಡುಗನ ವಿಳಾಸ ಅದರ ಒಳರಟ್ಟಿನ ಮೇಲೆಯೇ ಇದೆ.

ಇತಿ,
ದೇವದುರ್ಗದ ಒಬ್ಬ ಶಿಕ್ಷಕ