ಮುನ್ನುಗ್ಗಿದ ಮಾತ್ರಕ್ಕೆ ಅಂಕ ಸಲ್ಲದು

2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಮಿಶ್ರ ಸಮರಕಲೆಯ ಪ್ರಮುಖ ಸಂಸ್ಥೆಯಾದ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದರು. ದೇಶ ಸಂಭ್ರಮಿಸಿದ್ದು ಸಹಜ. ಆದರೆ ಆ ರಾತ್ರಿಯ ಅಂಕಪಟ್ಟಿಯನ್ನು ಒಮ್ಮೆ ನೋಡಬೇಕು. ಒಬ್ಬ ತೀರ್ಪುಗಾರರು ಮೂರೂ ಸುತ್ತುಗಳನ್ನು ಪೂಜಾ ಅವರಿಗೆ ಕೊಟ್ಟರು: 30–27. ಇನ್ನೊಬ್ಬರು ಮೂರನ್ನೂ ಎದುರಾಳಿ ರಾಯನ್ ದೋಸ್ ಸಾಂತೋಸ್ ಅವರಿಗೆ ಕೊಟ್ಟರು: 30–27. ಮೂರನೆಯವರ 29–28ರಿಂದ ಫಲಿತಾಂಶ ನಿರ್ಧಾರವಾಯಿತು. ಒಂದೇ ಪಂದ್ಯ, ಒಂದೇ ನಿಯಮಾವಳಿ. ಆದರೂ ಇಬ್ಬರು ತರಬೇತಿ ಪಡೆದ ತೀರ್ಪುಗಾರರು ಒಂದು ಸುತ್ತಿನಲ್ಲೂ ಒಮ್ಮತಕ್ಕೆ ಬರಲಿಲ್ಲ.

ಗೆಲುವಿನ ಅರ್ಹತೆಯನ್ನು ಪ್ರಶ್ನಿಸುವುದು ಈ ಪತ್ರಿಕೆಯ ಉದ್ದೇಶವಲ್ಲ. ಮಿಶ್ರ ಸಮರಕಲೆಯ ತೀರ್ಪುಗಳ ಮೇಲಿನ ವಿಶ್ವಾಸ ಕುಸಿಯುತ್ತಿದೆ ಎಂಬುದು ನಮ್ಮ ಆತಂಕ. ಅದಕ್ಕೆ ಕಾರಣಗಳು ಹಲವು. ಹೆಚ್ಚು ಹಾನಿಕರವಾದುದು ಒಂದೇ: ಆಕ್ರಮಣಶೀಲತೆ ಎಂದರೇನು ಎಂಬುದರ ಬಗೆಗಿನ ಗೊಂದಲ.

ನಿಯಮದಲ್ಲಿ ಗೊಂದಲವಿಲ್ಲ. ಅಮೆರಿಕದ ಬಾಕ್ಸಿಂಗ್ ಆಯೋಗಗಳ ಸಂಘ 2016ರಲ್ಲಿ ಪರಿಷ್ಕರಿಸಿ 2017ರ ಆರಂಭದಿಂದ ಜಾರಿಗೆ ತಂದ ಏಕೀಕೃತ ನಿಯಮಾವಳಿ ಮಾನದಂಡಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದೆ. ಮೊದಲನೆಯದು ಪರಿಣಾಮಕಾರಿ ಹೊಡೆತ ಮತ್ತು ಹಿಡಿತ: ಯಾರ ಪೆಟ್ಟು, ಯಾರ ಪಟ್ಟು ಪಂದ್ಯವನ್ನು ಅಂತ್ಯದತ್ತ ಒಯ್ದಿತು ಎಂಬ ಪರಿಗಣನೆ. ಇದರಲ್ಲಿ ಇಬ್ಬರೂ ಸಂಪೂರ್ಣ ಸಮಬಲರಾಗಿದ್ದರೆ ಮಾತ್ರ ಎರಡನೆಯದಾದ ಪರಿಣಾಮಕಾರಿ ಆಕ್ರಮಣಶೀಲತೆಗೆ ಇಳಿಯಬೇಕು. ಅಲ್ಲಿಯೂ ತೀರ್ಮಾನವಾಗದಿದ್ದರೆ ಕಣದ ಮೇಲಿನ ನಿಯಂತ್ರಣ. ಫಲವಿಲ್ಲದೆ ಎದುರಾಳಿಯ ಬೆನ್ನಟ್ಟುವುದನ್ನು ತೀರ್ಪುಗಾರರು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅದರ ದೃಷ್ಟಿಯಲ್ಲಿ ಆಕ್ರಮಣ ಎಂದರೆ ಪಂದ್ಯವನ್ನು ಮುಗಿಸುವ ಯತ್ನ.

ಹಳೆಯ ನಿಯಮ ಹೀಗಿರಲಿಲ್ಲ. ನ್ಯೂಜೆರ್ಸಿಯಲ್ಲಿ ರೂಪುಗೊಂಡ ಮೂಲ ಪಠ್ಯ ಆಕ್ರಮಣಶೀಲತೆಯನ್ನು ಮುಂದಕ್ಕೆ ಚಲಿಸುತ್ತಾ ನ್ಯಾಯಬದ್ಧ ಪೆಟ್ಟನ್ನು ತಾಗಿಸುವುದು ಎಂದು ವಿವರಿಸಿತ್ತು. ರಕ್ಷಣೆಯೂ ಆಗ ಮಾನದಂಡಗಳ ಪಟ್ಟಿಯಲ್ಲಿತ್ತು. ನಂತರದ ಪರಿಷ್ಕರಣೆಗಳಲ್ಲಿ ಮುಂಚಲನೆಯ ಮಾತು ಹೋಯಿತು, ರಕ್ಷಣೆಯೂ ಹೋಯಿತು. ಮೊದಲನೆಯದು ಸರಿಯಾದ ಕ್ರಮ. ಎರಡನೆಯದರ ಬಗ್ಗೆ ನಮಗೆ ಸಂದೇಹವಿದೆ. ಪುಸ್ತಕ ಬದಲಾದರೂ ಕಣ್ಣಿನ ಅಭ್ಯಾಸ ಬದಲಾಗಲಿಲ್ಲ, ಹಿಂದೆ ಸರಿದು ಪೆಟ್ಟು ತಪ್ಪಿಸಿಕೊಳ್ಳುವವರ ಕೌಶಲಕ್ಕೆ ಇದ್ದ ಒಂದು ಆಧಾರವೂ ಕೈತಪ್ಪಿತು.

2012ರ ಫೆಬ್ರುವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಕಾರ್ಲೋಸ್ ಕಾಂಡಿಟ್ ಮತ್ತು ನಿಕ್ ಡಿಯಾಜ್ ಐದು ಸುತ್ತು ಸೆಣಸಿದರು. ಡಿಯಾಜ್ ಉದ್ದಕ್ಕೂ ಮುಂದೆ ನಡೆದರು, ಕೈ ಇಳಿಬಿಟ್ಟು ಎದುರಾಳಿಯನ್ನು ಕೆಣಕಿದರು. ಕಾಂಡಿಟ್ ಕೇಜಿನ ಅಂಚಿನಲ್ಲಿ ಸುತ್ತುತ್ತಾ, ಪಕ್ಕಕ್ಕೆ ಸರಿಯುತ್ತಾ, ಸರಿದ ಮರುಕ್ಷಣವೇ ಕಾಲಿಗೊಂದು ಒದೆ, ಮುಖಕ್ಕೊಂದು ಗುದ್ದು ಕೊಟ್ಟು ಮತ್ತೆ ದೂರವಾದರು. ತಾಗಿದ ಪೆಟ್ಟುಗಳ ಲೆಕ್ಕದಲ್ಲಿ ಮುಂದಿದ್ದವರು ಅವರೇ. ಮೂವರೂ ತೀರ್ಪುಗಾರರು ಅವರನ್ನೇ ವಿಜೇತರೆಂದು ಬರೆದರು. ‘ಓಡಿದವನಿಗೆ ಬಹುಮಾನ’ ಎಂಬ ಕೂಗು ಎದ್ದಿತು. ಮುಂಚಲನೆಯನ್ನು ಹೆಸರಿಸುತ್ತಿದ್ದ ಹಳೆಯ ನಿಯಮದಡಿಯಲ್ಲೂ ಆ ತೀರ್ಪುಗಾರರು ಕಾಲು ಎತ್ತ ನಡೆಯಿತೆಂದು ನೋಡದೆ ಪೆಟ್ಟು ಎಲ್ಲಿ ಬಿತ್ತೆಂದು ನೋಡಿದರು. ಅದು ಧೈರ್ಯದ ತೀರ್ಪು.

ಎಂಟು ವರ್ಷಗಳ ಬಳಿಕ, 2020ರ ಫೆಬ್ರುವರಿ 8ರಂದು ಹ್ಯೂಸ್ಟನ್‌ನಲ್ಲಿ ಜಾನ್ ಜೋನ್ಸ್ ಮತ್ತು ಡೊಮಿನಿಕ್ ರೇಯೆಸ್ ಎದುರಾದರು. ಆರಂಭದ ಸುತ್ತುಗಳಲ್ಲಿ ಜೋನ್ಸ್ ಒತ್ತಡ ಹಾಕುತ್ತಾ ಮುಂದೆ ಬಂದರು. ಹಿಂದೆ ಸರಿಯುತ್ತಲೇ ಹೆಚ್ಚು ಸ್ಪಷ್ಟವಾಗಿ ಹೊಡೆದವರು ರೇಯೆಸ್. ಕೊನೆಯ ಎರಡು ಸುತ್ತು ಜೋನ್ಸ್ ಅವರದೆಂಬುದರಲ್ಲಿ ಹೆಚ್ಚಿನ ತಕರಾರಿಲ್ಲ. ಪಂದ್ಯಕ್ಕೆ ಅಂಕ ಹಾಕಿದ ಪತ್ರಕರ್ತರಲ್ಲಿ ಬಹುಪಾಲು ಜನ ಮೊದಲ ಮೂರು ಸುತ್ತುಗಳನ್ನು ರೇಯೆಸ್‌ಗೆ ಕೊಟ್ಟಿದ್ದರು. ತೀರ್ಪುಗಾರರು ಮಾತ್ರ ಒಮ್ಮತದಿಂದ ಜೋನ್ಸ್ ಅವರನ್ನು ಗೆಲ್ಲಿಸಿದರು. ಇಬ್ಬರು 48–47 ಎಂದರು, ಒಬ್ಬರು 49–46 ಎಂದರು. ಎಂದರೆ ಆ ಮೂರನೆಯವರ ಕಣ್ಣಿಗೆ ರೇಯೆಸ್ ಗೆದ್ದದ್ದು ಒಂದೇ ಸುತ್ತು. ಹೊಸ ನಿಯಮ ಜಾರಿಯಾಗಿ ಆಗಲೇ ಮೂರು ವರ್ಷ ಕಳೆದಿತ್ತು.

ಓದುಗರು ಕೇಳಬಹುದು: ಹಿಂದೆ ಸರಿಯುತ್ತಲೇ ಇರುವವರಿಂದ ಪಂದ್ಯ ನೀರಸವಾಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಅದಕ್ಕೆ ಪರಿಹಾರ ನಿಯಮಾವಳಿಯಲ್ಲೇ ಇದೆ. ಸಂಪರ್ಕವನ್ನೇ ತಪ್ಪಿಸಿಕೊಂಡು ತಿರುಗುವ ಅಳುಕು ಅಲ್ಲಿ ದಂಡನೀಯ ತಪ್ಪು. ಆ ಅಧಿಕಾರ ಇರುವುದು ಕಣದೊಳಗಿನ ರೆಫರಿಗೆ, ಹೊರಗೆ ಕುಳಿತ ತೀರ್ಪುಗಾರರಿಗಲ್ಲ. ನಮ್ಮ ಕುಸ್ತಿಯ ಅಭಿಮಾನಿಗಳಿಗೆ ಈ ವ್ಯತ್ಯಾಸ ಗೊತ್ತು. ಅಂತರರಾಷ್ಟ್ರೀಯ ಫ್ರೀಸ್ಟೈಲ್ ಕುಸ್ತಿಯಲ್ಲಿ ನಿಷ್ಕ್ರಿಯ ಪೈಲ್ವಾನನಿಗೆ ಮೊದಲು ಎಚ್ಚರಿಕೆ ಕೊಡುತ್ತಾರೆ, ನಂತರ 30 ಸೆಕೆಂಡುಗಳ ಗಡಿಯಾರ ಓಡುತ್ತದೆ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ದಂಡ ಎಷ್ಟು, ಯಾವಾಗ, ಏಕೆ ಎಂಬುದು ಅಖಾಡದಲ್ಲಿರುವ ಎಲ್ಲರಿಗೂ ಕಾಣುತ್ತದೆ. ಕೇಜಿನ ಪಕ್ಕ ಕುಳಿತವರು ಮನಸ್ಸಿನೊಳಗೇ ಹಾಕುವ ದಂಡ ಯಾರಿಗೂ ಕಾಣದು.

ಇದರ ಬೆಲೆ ತೆರುವವರು ಸ್ಪರ್ಧಿಗಳು. ಸುತ್ತು ಎಷ್ಟೇ ನಿಕಟವಾಗಿದ್ದರೂ ಸೋತವರಿಗೆ ಸಾಮಾನ್ಯವಾಗಿ ಒಂಬತ್ತು, ಗೆದ್ದವರಿಗೆ ಹತ್ತು. ಮೂರು ಸುತ್ತಿನ ಪಂದ್ಯದಲ್ಲಿ ಒಂದು ಸುತ್ತಿನ ಎಡವಟ್ಟೇ ಫಲಿತಾಂಶವನ್ನು ತಿರುಗಿಸಬಲ್ಲದು. ಯುಎಫ್‌ಸಿಗೆ ಹೊಸದಾಗಿ ಬಂದವರ ಒಪ್ಪಂದದಲ್ಲಿ ಕಣಕ್ಕಿಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಸಾಮಾನ್ಯವಾಗಿ ಅಷ್ಟೇ ಮೊತ್ತ ಮತ್ತೊಮ್ಮೆ ಸಿಗುತ್ತದೆ. ತಪ್ಪು ತೀರ್ಪಿನಿಂದ ಅರ್ಧ ಸಂಪಾದನೆಯೇ ಹೋಗುತ್ತದೆ.

ಹಣಕ್ಕಿಂತ ದೊಡ್ಡದು ದೇಹ. ಹಿಂದೆ ಹೆಜ್ಜೆಯಿಟ್ಟರೆ ಸುತ್ತು ಕಳೆದುಹೋದೀತೆಂದು ತರಬೇತುದಾರರು ಹೇಳತೊಡಗಿದರೆ, ಇಪ್ಪತ್ತರ ಹರೆಯದ ಹುಡುಗ ಪೆಟ್ಟಿಗೆ ಮುಖವೊಡ್ಡಿ ನಡೆಯುವುದನ್ನೇ ಕಲಿಯುತ್ತಾನೆ. ತಲೆಗೆ ಪದೇ ಪದೇ ಬೀಳುವ ಪೆಟ್ಟು ಮಿದುಳಿಗೆ ಶಾಶ್ವತ ಹಾನಿ ಮಾಡುತ್ತದೆಂಬುದನ್ನು ಬಾಕ್ಸಿಂಗ್ ಜಗತ್ತು ಬಹಳ ಹಿಂದೆಯೇ ಕಂಡಿದೆ. ತಪ್ಪಿಸಿಕೊಳ್ಳುವ ವಿದ್ಯೆಯನ್ನು ಹೇಡಿತನವೆಂದು ಎಣಿಸುವ ಅಂಕಪದ್ಧತಿ ಆ ಹಾನಿಯಲ್ಲಿ ಪಾಲುದಾರ.

ಹೊಣೆ ಮೊದಲಿಗೆ ಅಮೆರಿಕದ ರಾಜ್ಯ ಆಯೋಗಗಳದು. ತೀರ್ಪುಗಾರರನ್ನು ನೇಮಿಸುವವರು ಅವರೇ. ಪ್ರತಿ ಸುತ್ತಿಗೂ ಯಾವ ಮಾನದಂಡದ ಮೇಲೆ ಅಂಕ ಕೊಟ್ಟೆನೆಂದು ತೀರ್ಪುಗಾರರು ಬರೆದು ಸಹಿ ಮಾಡಬೇಕು. ಎರಡನೆಯ ಮೆಟ್ಟಿಲಿಗೆ ಇಳಿದಿದ್ದರೆ ಮೊದಲನೆಯದರಲ್ಲಿ ಸಮಬಲ ಏಕೆ ಕಂಡಿತೆಂದು ಹೇಳಬೇಕು. ಆ ಟಿಪ್ಪಣಿಗಳು ಮರುದಿನವೇ ಪ್ರಕಟವಾಗಬೇಕು. ಪಾರದರ್ಶಕತೆ ಅಸಾಧ್ಯವೇನಲ್ಲ. ಕಾನ್ಸಾಸ್ ಆಯೋಗ 2020ರಲ್ಲೇ ಪ್ರತಿ ಸುತ್ತಿನ ನಂತರ ಅಂಕಗಳನ್ನು ಬಹಿರಂಗಪಡಿಸಲು ಒಪ್ಪಿತು. ಆಯೋಗಗಳ ಸಂಘ 2024ರಲ್ಲಿ ಮೊಣಕೈ ಹೊಡೆತದ ನಿಯಮವನ್ನೂ, ನೆಲಕ್ಕೆ ಬಿದ್ದ ಸ್ಪರ್ಧಿ ಯಾರೆಂಬ ವ್ಯಾಖ್ಯೆಯನ್ನೂ ತಿದ್ದಿತು. ಅದಕ್ಕೆ ಸಿಕ್ಕ ಬಿಡುವು ತೀರ್ಪುಗಾರರ ಮರುತರಬೇತಿಗೂ ಸಿಗಬೇಕು.

ಎರಡನೆಯ ಹೊಣೆ ನಮ್ಮದೇ. ಬೆಂಗಳೂರಿನ ಹಲವು ತರಬೇತಿ ಕೇಂದ್ರಗಳಲ್ಲಿ ಇಂದು ಯುವಕ ಯುವತಿಯರು ಈ ಕ್ರೀಡೆಗೆ ಸಜ್ಜಾಗುತ್ತಿದ್ದಾರೆ. ಅಮೆರಿಕದಲ್ಲಿರುವಂತೆ ಕಾಯ್ದೆಯ ಬಲವುಳ್ಳ ಆಯೋಗ ಇಲ್ಲಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಗಾಯಗೊಂಡ ಯುವ ಸ್ಪರ್ಧಿಯೊಬ್ಬ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟ. ಆ ಸಾವಿಗೂ ಅಂಕ ನೀಡಿಕೆಗೂ ನಂಟು ಕಲ್ಪಿಸುವುದು ತಪ್ಪಾದೀತು. ಹೊಡೆದಾಟದ ಕ್ರೀಡೆಗಳಿಗೆ ಹೇಳುವವರು ಕೇಳುವವರು ಯಾರೆಂಬ ಪ್ರಶ್ನೆಯನ್ನು ಮಾತ್ರ ಅದು ಎತ್ತಿತ್ತು. ರಾಜ್ಯದ ಕ್ರೀಡಾ ಇಲಾಖೆ ಇಂತಹ ಸ್ಪರ್ಧೆಗಳಿಗೆ ಅನುಮತಿ ಕೊಡುವ ಮುನ್ನ ವೈದ್ಯರ ಹಾಜರಿಯ ಜೊತೆಗೆ ರೆಫರಿ ಮತ್ತು ತೀರ್ಪುಗಾರರ ಅರ್ಹತಾಪತ್ರವನ್ನೂ ಕೇಳಬೇಕು. ಅದಿಲ್ಲದ ಆಯೋಜಕರಿಗೆ ಸಭಾಂಗಣದ ಬಾಗಿಲು ತೆರೆಯಬಾರದು.