ರಾಜಕುಮಾರಿಯ ಕೈಯ ಕಾವಲಿ

ಹೆಣ್ಣುಮಕ್ಕಳಿಗೆ ಆಟ ಯಾಕೆ ಎಂದು ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಹಳೆಯ ಕಾಲದವರು ಅನ್ನಿಸಿಕೊಳ್ಳಬೇಕಾಗುತ್ತದೆ. ಅದರ ಬದಲು ನಯವಾದ ಮಾತೊಂದನ್ನು ಹುಡುಕಿಕೊಂಡಿದ್ದಾರೆ: "ಅದು ಹುಡುಗರ ಆಟ ಕಣಮ್ಮ, ಬರೀ ಹೊಡೆದಾಟ, ನಿನಗೆ ಸೇರೋದಿಲ್ಲ." ಈ ಮಾತನ್ನು ನಾನು ಗಂಡಸರ ಬಾಯಲ್ಲಿ ಕೇಳಿದ್ದಕ್ಕಿಂತ ಹೆಂಗಸರ ಬಾಯಲ್ಲಿ ಕೇಳಿದ್ದೇ ಹೆಚ್ಚು. ಆದ್ದರಿಂದ ಈ ಜಗಳ ನಮ್ಮ ನಮ್ಮಲ್ಲೇ ಆಗಿಹೋಗಲಿ ಎಂದು ಬರೆಯುತ್ತಿದ್ದೇನೆ.

ನಾನು ಹೇಳಹೊರಟಿರುವುದು ಒಂದು ವಿಡಿಯೋ ಗೇಮಿನ ವಿಷಯ. ಮಗಳು ಅಳಿಯ ಅಮೆರಿಕದಲ್ಲಿದ್ದಾರೆ. ಎರಡು ಬಾಣಂತನಕ್ಕೆ ಎರಡು ಸಲ ಹೋಗಿ ಬಂದವಳು, ಮೂರನೆಯ ಸಲ ಬರೀ ಇದ್ದು ಬರುವುದಕ್ಕೆಂದು ಹೋದೆ. ಮಾಡಲು ಕೆಲಸವಿಲ್ಲದ ಅಜ್ಜಿ ಏನು ಮಾಡಬೇಕು? ಮೊಮ್ಮಕ್ಕಳ ಪಕ್ಕ ಸೋಫಾದಲ್ಲಿ ಕುಳಿತೆ. ಅವರು ಆಡುತ್ತಿದ್ದುದು 'ಸೂಪರ್ ಸ್ಮ್ಯಾಶ್ ಬ್ರದರ್ಸ್' ಎಂಬ ಆಟ. ಹೆಸರಲ್ಲೇ ಅಣ್ಣತಮ್ಮಂದಿರು ಬಂದು ಕೂತಿದ್ದಾರೆ, ಅಕ್ಕತಂಗಿಯರ ಸುದ್ದಿಯಿಲ್ಲ ಎಂದು ನನಗೆ ಮೊದಲ ದಿನವೇ ಅನ್ನಿಸಿತು. ಆದರೂ ಕುಳಿತೆ, ಕೇಳಿದೆ, ಕಲಿತೆ. ಹನ್ನೆರಡು ವರ್ಷದ ಮೊಮ್ಮಗಳೇ ಗುರು.

ಈ ಆಟ ಜಪಾನಿನ ನಿಂಟೆಂಡೋ ಕಂಪನಿಯದು. ಬೇರೆ ಬೇರೆ ಆಟಗಳಲ್ಲಿ ತಮ್ಮ ಪಾಡಿಗೆ ತಾವಿದ್ದ ಪಾತ್ರಗಳನ್ನೆಲ್ಲ ಕರೆತಂದು ಒಂದೇ ಅಂಗಳದಲ್ಲಿ ಕಾದಾಡಿಸುವುದು ಇದರ ಹೂರಣ. ಕೊಳಾಯಿ ರಿಪೇರಿಯ ಮಾರಿಯೋ, ಕತ್ತಿ ಹಿಡಿದ ಲಿಂಕ್, ಗುಲಾಬಿ ಉಂಡೆಯಂಥ ಕರ್ಬಿ, ಹಳದಿ ಪಿಕಾಚು ಎಲ್ಲರೂ ಇದ್ದಾರೆ. 1999ರ ಜನವರಿಯಲ್ಲಿ ಮೊದಲ ಆಟ ಬಂದಾಗ ಇದ್ದವರು 12 ಮಂದಿ. 2008ರಲ್ಲಿ ಬೇರೆ ಕಂಪನಿಗಳ ಪಾತ್ರಗಳೂ ಒಳಗೆ ಕಾಲಿಟ್ಟವು. 2018ರ ಡಿಸೆಂಬರಿನಲ್ಲಿ ಬಂದ 'ಅಲ್ಟಿಮೇಟ್' ಎಂಬ ಆವೃತ್ತಿಯಲ್ಲಿ ಹಿಂದಿನವರೆಲ್ಲ ಮರಳಿ ಬಂದರು. 2021ರ ಅಕ್ಟೋಬರಿನಲ್ಲಿ ಕೊನೆಯ ಪಾತ್ರ ಸೇರುವ ಹೊತ್ತಿಗೆ ಲೆಕ್ಕ 89ಕ್ಕೆ ಮುಟ್ಟಿತ್ತು. 3 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಯಾವುದೋ ಕಥೆಯವನು ಇನ್ಯಾವುದೋ ಕಥೆಯವನ ಮೇಲೆ ಯುದ್ಧಕ್ಕೆ ಹೋಗುವುದೇ ಎಂದು ಮೂಗು ಮುರಿಯಬೇಡಿ. ರಾಮಾಯಣದ ಜಾಂಬವಂತ ಶ್ರೀಕೃಷ್ಣನೊಡನೆ ಕಾದಾಡಿದ್ದನ್ನು ಕೇಳಿ ಬೆಳೆದವರು ನಾವು. ಹನುಮಂತನನ್ನೂ ಅರ್ಜುನನನ್ನೂ ಎದುರುಬದುರು ನಿಲ್ಲಿಸುವ 'ಶರಸೇತು ಬಂಧನ'ವನ್ನು ಯಕ್ಷಗಾನದಲ್ಲಿ ರಾತ್ರಿಯೆಲ್ಲ ಕೂತು ನೋಡಿದವರು. ದಸರಾ ಗೊಂಬೆಯ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಯ ಕೆಳಗೆ ದಶಾವತಾರ, ಅದರ ಕೆಳಗೆ ಶೆಟ್ಟಿ ದಂಪತಿ, ಪಕ್ಕದಲ್ಲಿ ಕ್ರಿಕೆಟ್ ತಂಡ ಜೋಡಿಸಿ ಆರತಿ ಎತ್ತುವವರು. ಆ ಮೊದಲ ಆಟವೂ ಗೊಂಬೆಯಾಟವೇ. ಬಿಳಿ ಕೈಚೀಲ ತೊಟ್ಟ ದೊಡ್ಡ ಕೈಯೊಂದು ಪೆಟ್ಟಿಗೆಯಿಂದ ಗೊಂಬೆಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತದೆ, ಅವು ಜೀವ ತಳೆಯುತ್ತವೆ. ಅಲ್ಲಿಂದ ಕದನ.

ಇನ್ನು ಹೊಡೆದಾಟದ ಮಾತು. ನೋಡದೆ ಬೈಯುವವರಿಗಾಗಿ ಹೇಳುತ್ತೇನೆ. ಇಲ್ಲಿ ರಕ್ತ ಬರುವುದಿಲ್ಲ. ಏಟು ಬಿದ್ದಂತೆಲ್ಲ ಒಬ್ಬೊಬ್ಬರ ಹೆಸರಿನ ಬಳಿ ಶೇಕಡಾ ಲೆಕ್ಕ ಏರುತ್ತದೆ. ಲೆಕ್ಕ ಏರಿದಷ್ಟೂ ಮುಂದಿನ ಏಟಿಗೆ ಹೆಚ್ಚು ದೂರ ಹಾರಿ ಬೀಳುತ್ತೀರಿ. ಅಂಗಳದಿಂದ ಪೂರಾ ಆಚೆ ಹೋದರೆ ಸೋಲು. ಆದರೆ ಆಚೆ ಹಾರಿದವಳು ಗಾಳಿಯಲ್ಲೇ ಮತ್ತೆ ಜಿಗಿದು, ಅಂಚು ಹಿಡಿದು, ಒಳಗೆ ಬರಬಹುದು. ಹೊಡೆಯುವುದಕ್ಕಿಂತ ಈ ಮರಳಿ ಬರುವುದೇ ದೊಡ್ಡ ವಿದ್ಯೆ. ಕೊನೆಯಲ್ಲಿ ಗೆದ್ದವರ ಹಿಂದೆ ನಿಂತು ಸೋತವರು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಧಾರಾವಾಹಿಗಳ ಅತ್ತೆ ಸೊಸೆಯರು ಎಂದಾದರೂ ಹೀಗೆ ಚಪ್ಪಾಳೆ ತಟ್ಟಿದ್ದುಂಟೇ? ಒಬ್ಬಳ ಹಾಲಿಗೆ ಇನ್ನೊಬ್ಬಳು ವಿಷ ಹಾಕುವುದನ್ನು ಮಗಳ ಪಕ್ಕ ಕುಳಿತೇ ನೋಡುವ ನಮಗೆ ಈ ಗೊಂಬೆಗಳ ಗುದ್ದಾಟ ಮಾತ್ರ ಅಪಾಯವಾಗಿ ಕಾಣುವುದು ವಿಚಿತ್ರ.

ಈ ಆಟ ಹುಟ್ಟಿದ ಬಗೆಯನ್ನೂ ಕೇಳಿ. ಮಾಡಿದಾತ ಮಸಾಹಿರೊ ಸಕುರಾಯಿ. ಕರ್ಬಿಯನ್ನು ಸೃಷ್ಟಿಸಿದವನೂ ಇವನೇ. ಒಮ್ಮೆ ಇವನು ಆಟದಂಗಡಿಯಲ್ಲಿ 'ಕಿಂಗ್ ಆಫ್ ಫೈಟರ್ಸ್ 95' ಆಡುತ್ತ ಎದುರಾಳಿಯನ್ನು ಚಚ್ಚಿಹಾಕಿದನಂತೆ. ಆಮೇಲೆ ನೋಡಿದರೆ ಎದುರಿನ ಯಂತ್ರದಲ್ಲಿದ್ದವರು ಆಟಕ್ಕೆ ಹೊಸಬರಾದ ಒಂದು ಜೋಡಿ. ಅವನಿಗೆ ಬೇಸರವಾಯಿತು. ಗುಂಡಿಗಳ ಉದ್ದುದ್ದ ವರಸೆಗಳನ್ನು ಬಾಯಿಪಾಠ ಮಾಡಿದವರಿಗೆ ಮಾತ್ರ ಒಲಿಯುವ ಆಟ ಹೊಸಬರನ್ನು ಓಡಿಸುತ್ತದೆ ಎಂದು ಅವನಿಗೆ ತೋರಿತು. ಸರಳವಾದ ಆಟವೊಂದನ್ನು ಯೋಚಿಸಿದ. ಸಹೋದ್ಯೋಗಿ ಸತೋರು ಇವಾಟ ವಾರದ ಕೊನೆಯ ರಜೆಗಳಲ್ಲಿ ಕೂತು ಅದಕ್ಕೆ ಪ್ರೋಗ್ರಾಮ್ ಬರೆದುಕೊಟ್ಟ. ಈ ಇವಾಟ ಮುಂದೆ ನಿಂಟೆಂಡೋದ ಅಧ್ಯಕ್ಷನಾಗಿ 2015ರಲ್ಲಿ ತೀರಿಕೊಂಡ. ಮೊದಲ ಮಾದರಿಯಲ್ಲಿ ಹೆಸರೇ ಇಲ್ಲದ ಬೊಂಬೆಗಳಿದ್ದವು. ಮನೆಯಲ್ಲಿ ಆಡುವವರಿಗೆ ಪರಿಚಿತ ಮುಖಗಳು ಬೇಕೆಂದು ಸಕುರಾಯಿ ಮಾರಿಯೋ ಮೊದಲಾದವರನ್ನು ಕಂಪನಿಯ ಅಪ್ಪಣೆಗೂ ಕಾಯದೆ ಕೂರಿಸಿ ತೋರಿಸಿದ.

ಅಂದರೆ ಬಾರದವರಿಗೂ ಬರಲಿ ಎಂಬ ಯೋಚನೆಯಿಂದ ಹುಟ್ಟಿದ ಆಟ ಇದು. ಅದನ್ನು ಗಂಡುಹುಡುಗರ ಕೋಟೆ ಮಾಡಿದವರು ಯಾರು?

ಮಾಡಿದವರ ಪಾಲೂ ಇದೆ, ಇಲ್ಲವೆನ್ನಲಾರೆ. 1999ರ ಆ 12 ಮಂದಿಯಲ್ಲಿ ಮನುಷ್ಯ ಹೆಂಗಸು ಒಬ್ಬಳೇ, ಸಾಮಸ್. ಅವಳೂ ತಲೆಯಿಂದ ಕಾಲಿನವರೆಗೆ ಕವಚದಲ್ಲಿ ಮುಚ್ಚಿಹೋಗಿದ್ದಳು. 1986ರಲ್ಲಿ ಅವಳ ಸ್ವಂತ ಆಟ 'ಮೆಟ್ರಾಯ್ಡ್' ಬಂದಾಗ ಆಟವನ್ನು ಬೇಗ ಗೆದ್ದು ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಕವಚ ಕಳಚಿ, ಒಳಗಿದ್ದವಳು ಹೆಣ್ಣು ಎಂದು ತಿಳಿಯುತ್ತಿತ್ತು. ಅದರ ಇಂಗ್ಲಿಷ್ ಕೈಪಿಡಿಯಲ್ಲಿ 'ಅವನು' ಎಂದೇ ಅಚ್ಚಾಗಿತ್ತು. ವೀರರೆಂದರೆ ಗಂಡಸರೇ ಎಂದು ಜನ ತಾವಾಗಿಯೇ ತಿಳಿದುಕೊಳ್ಳುತ್ತಾರೆಂಬ ಭರವಸೆ ಇದ್ದುದರಿಂದಲೇ ತಾನೇ ಅದೊಂದು ಬೆರಗಾದದ್ದು? ಮುಂದೆ 2008ರಲ್ಲಿ ಅದೇ ಸಾಮಸ್‌ಗೆ ಕವಚವಿಲ್ಲದ, ಮೈಗಂಟಿದ ಉಡುಪಿನ ಇನ್ನೊಂದು ರೂಪ ಕೊಟ್ಟರು. 2014ರಲ್ಲಿ ಆ ರೂಪದ ಕಾಲಿಗೆ ಎತ್ತರದ ಹಿಮ್ಮಡಿಯ ಬೂಟು ಬಂತು. ಮೊದಲು ಹೆಣ್ಣೆಂದು ಗೊತ್ತಾಗದಂತೆ ಮುಚ್ಚಿಟ್ಟರು, ಆಮೇಲೆ ಹೆಣ್ಣೆಂಬುದು ಬಿಟ್ಟು ಬೇರೇನೂ ಕಾಣದಂತೆ ತೋರಿಸಿದರು. ಇವೆರಡರ ನಡುವೆ ಇರುವ ಹಾದಿ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು.

ಆದರೆ ಪೀಚ್ ಎಂಬ ರಾಜಕುಮಾರಿಯ ಸಂಗತಿ ಬೇರೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಅವಳ ಕೆಲಸ ಅಪಹರಣಕ್ಕೆ ಒಳಗಾಗುವುದು, ಬಿಡಿಸಲು ಬರುವವನಿಗಾಗಿ ಕಾಯುವುದು. 2005ರಲ್ಲಿ ಅವಳಿಗೇ ಒಂದು ಆಟ ಮಾಡಿಕೊಟ್ಟಾಗ ಏನು ಶಕ್ತಿ ಕೊಟ್ಟರು ಗೊತ್ತೇ? ನಗು, ಸಿಟ್ಟು, ಅಳು, ಸಮಾಧಾನ. ಅತ್ತು ಗೆಲ್ಲುವವಳು ಹೆಣ್ಣು ಎಂಬ ಹಳೆಯ ಗಾದೆಮಾತನ್ನು ಹೊಸ ಯಂತ್ರದೊಳಗೆ ತುಂಬಿದ ಹಾಗಿತ್ತು. ಆದರೆ ಈ ಕಾದಾಟದ ಆಟಕ್ಕೆ 2001ರಲ್ಲಿ ಬಂದ ಪೀಚ್ ಅಳುವುದಿಲ್ಲ. ನೆಲದಿಂದ ಟರ್ನಿಪ್ ಗೆಡ್ಡೆ ಕಿತ್ತು ಎಸೆಯುತ್ತಾಳೆ. ಕೊಡೆ ಬಿಚ್ಚಿ ತೇಲುತ್ತಾಳೆ. ಟೆನಿಸ್ ಬ್ಯಾಟು, ಗಾಲ್ಫ್ ಕೋಲು, ಹಿಡಿಯಿರುವ ಕಾವಲಿ ಇವುಗಳಲ್ಲಿ ಯಾವುದು ಕೈಗೆ ಬಂದರೂ ಬೀಸುತ್ತಾಳೆ. ಆ ಕಾವಲಿಯ ಏಟಿಗೆ ದೊಡ್ಡ ದೊಡ್ಡ ರಾಕ್ಷಸರೇ ಹಾರಿಹೋಗುವುದನ್ನು ಕಂಡಾಗ ನನಗಾದ ಸಂತೋಷವನ್ನು ಏನು ಹೇಳಲಿ! ನಲವತ್ತು ವರ್ಷ ದೋಸೆ ಹುಯ್ದ ಕೈಗೆ ಅದರ ತೂಕ ಗೊತ್ತು.

ಇನ್ನೊಬ್ಬಳು ವ್ಯಾಯಾಮ ಕಲಿಸುವ ಟೀಚರು. 2014ರಲ್ಲಿ ಸೇರಿದವಳು. ಅವಳ ಅಸ್ತ್ರದ ಹೆಸರೇ ಸೂರ್ಯ ನಮಸ್ಕಾರ. ಕೈ ಮೇಲೆತ್ತಿ ಬೆಳಕಿನ ಉಂಡೆ ಕೂಡಿಸಿ ಎಸೆಯುತ್ತಾಳೆ. 2020ರಲ್ಲಿ ಬಂದ ಮಿನ್ ಮಿನ್ ನೂಡಲ್ಸ್ ಅಂಗಡಿಯ ಹುಡುಗಿ, ತೋಳುಗಳೇ ನೂಡಲ್ಸು. 2024ರಲ್ಲಿ, ತನ್ನ ಹೆಸರಿನ ಆಟದ ಸರಣಿ ಶುರುವಾಗಿ 38 ವರ್ಷವಾದ ಮೇಲೆ, ರಾಜಕುಮಾರಿ ಜೆಲ್ಡಾ ಆ ಸರಣಿಯ ಮುಖ್ಯ ಆಟವೊಂದಕ್ಕೆ ತಾನೇ ನಾಯಕಿಯಾದಳು. ಅಂತೂ ಪರದೆಯೊಳಗೆ ನಿಧಾನವಾಗಿಯಾದರೂ ಜಾಗ ಆಗುತ್ತಿದೆ. ಆಗದೆ ಇರುವುದು ಪರದೆಯ ಮುಂದಿನ ಸೋಫಾದಲ್ಲಿ.

ಆ ಮನೆಗೆ ಒಂದು ಭಾನುವಾರ ನಮ್ಮ ಕಡೆಯವರೇ ಊಟಕ್ಕೆ ಬಂದರು. ಅವರಿಗೆ ಇಬ್ಬರು ಗಂಡುಮಕ್ಕಳು. ಮೊಮ್ಮಗಳು ಪೀಚ್ ಆಗಿ ಇಬ್ಬರನ್ನೂ ಸೋಲಿಸಿದಳು. ಮತ್ತೆ ಸೋಲಿಸಿದಳು. ಆಗ ಹುಡುಗರ ತಾಯಿ ಒಳಗಿನಿಂದ ಬಂದು, "ಕೊಡು ಪುಟ್ಟಿ, ಅವರು ಆಡಿಕೊಳ್ಳಲಿ, ನೀನು ದೊಡ್ಡವಳಲ್ವಾ? ಬಾ, ಚಪಾತಿಗೆ ಕೈ ಹಾಕು" ಎಂದು ಪ್ರೀತಿಯಿಂದಲೇ ಅವಳ ಕೈಯಿಂದ ಕಂಟ್ರೋಲರ್ ಬಿಡಿಸಿ ಮಗನಿಗೆ ಕೊಟ್ಟಳು. ಅವಳ ಹಿರಿಯ ಮಗ ಮೊಮ್ಮಗಳಿಗಿಂತ ಒಂದು ವರ್ಷ ದೊಡ್ಡವನು. ಅವನಿಗೆ ಚಪಾತಿಯ ಕರೆ ಬರಲಿಲ್ಲ. ನಾನು ಎದ್ದು, "ಚಪಾತಿ ನಾನು ಲಟ್ಟಿಸ್ತೀನಿ, ನಿಮ್ಮ ದೊಡ್ಡ ಮಗ ಬೇಯಿಸಲಿ, ಆಟ ಮುಗಿಯೋವರೆಗೂ ಅವಳು ಆಡಲಿ" ಎಂದೆ. ಬಂದವರ ಮುಖ ಸಣ್ಣದಾಯಿತು. ಮಗಳು ನನ್ನನ್ನು ಕಣ್ಣಲ್ಲೇ ಗದರಿದಳು. ಇಂದಿಗೂ ಆ ಮಾತನ್ನು ಹಿಂತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ಹುಡುಗನ ಬಿಡುವು ಅವನ ಹಕ್ಕು, ಹುಡುಗಿಯ ಬಿಡುವು ಮನೆಯವರ ಆಸ್ತಿ, ಯಾರು ಕರೆದರೂ ಎದ್ದು ಬರಬೇಕು ಎನ್ನುವುದು ಯಾವ ನ್ಯಾಯ?

ಇದೆಲ್ಲ ಆಟದ ಮಾತು, ಇಷ್ಟು ದೊಡ್ಡದು ಮಾಡಬೇಕೇ ಎನ್ನುತ್ತೀರಿ. ಮಾಡಬೇಕು. ಯಾಕೆಂದರೆ ಈ ಆಟಕ್ಕೆ ಪ್ರಪಂಚದಾದ್ಯಂತ ಪಂದ್ಯಗಳಿವೆ, ಬಹುಮಾನವಿದೆ, ಹೆಸರಿದೆ. 2013ರಲ್ಲಿ 'ಇವೊ' ಎಂಬ ದೊಡ್ಡ ಪಂದ್ಯಾವಳಿಯಲ್ಲಿ ಯಾವ ಆಟಕ್ಕೆ ಕೊನೆಯ ಸ್ಥಾನ ಎಂದು ತೀರ್ಮಾನಿಸಲು ಸ್ತನ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಎತ್ತಿದರು. ಈ ಆಟದ ಅಭಿಮಾನಿಗಳು 94 ಸಾವಿರ ಡಾಲರಿಗೂ ಹೆಚ್ಚು ಕೂಡಿಸಿ ಗೆದ್ದರು. ಒಳ್ಳೆಯ ಕೆಲಸ, ಮೆಚ್ಚಬೇಕು. ಅದೇ ವಲಯದಲ್ಲಿ 2020ರ ಜುಲೈನಲ್ಲಿ ಹಲವರು ಮುಂದೆ ಬಂದು, ತಮಗಾದ ಲೈಂಗಿಕ ಕಿರುಕುಳವನ್ನು ಹೇಳಿಕೊಂಡರು. ಕೆಲವರು ತಾವು ಆಗಿನ್ನೂ ಅಪ್ರಾಪ್ತ ವಯಸ್ಸಿನವರಾಗಿದ್ದೆವು ಎಂದರು. ಹೆಸರಾಂತ ಆಟಗಾರರ ಮೇಲೆ ಆರೋಪಗಳು ಬಂದವು. ನಿಂಟೆಂಡೋ ಕಂಪನಿಯೂ ಖಂಡಿಸಿ ಹೇಳಿಕೆ ಕೊಡಬೇಕಾಯಿತು. ಹೆಂಗಸರ ಕಾಯಿಲೆಗೆ ಹಣ ಎತ್ತಲು ಬಂದ ಜಾಗದಲ್ಲಿ ಹೆಂಗಸರು ನೆಮ್ಮದಿಯಿಂದ ಕೂರಲು ಆಗಲಿಲ್ಲವೆಂದರೆ ಏನು ಹೇಳುವುದು?

"ನೋಡಿ, ಅದಕ್ಕೇ ಹೆಣ್ಣುಮಕ್ಕಳನ್ನು ಅತ್ತ ಬಿಡಬಾರದು" ಎಂದು ತಕ್ಷಣ ಹೇಳುವವರಿದ್ದಾರೆ. ಬಸ್ಸಿನಲ್ಲಿ ಚುಡಾಯಿಸುತ್ತಾರೆಂದು ಕಾಲೇಜು ಬಿಡಿಸಿದವರ ಮಾತೂ ಇದೇ ಆಗಿತ್ತು. ತಪ್ಪು ಮಾಡಿದವನು ಒಳಗೇ ಇರುತ್ತಾನೆ, ತಪ್ಪು ಮಾಡದವಳು ಹೊರಗೆ. ನಾನು ಹೇಳುವುದು ಇದಕ್ಕೆ ವಿರುದ್ಧ. ಅಮ್ಮಂದಿರು, ಅತ್ತೆಯಂದಿರು, ಅಜ್ಜಿಯಂದಿರು ಆ ಆಟದ ಕಡೆ ತಿರುಗಿಯೂ ನೋಡದೆ ಇದ್ದರೆ ಅಲ್ಲಿ ಏನಾದರೂ ಆದಾಗ ಮಗು ಯಾರ ಬಳಿ ಹೇಳಿಕೊಳ್ಳಬೇಕು? ಆಟದ ಹೆಸರೂ ಗೊತ್ತಿಲ್ಲದ ತಾಯಿಗೆ ಆಟದಲ್ಲಾದ ನೋವನ್ನು ಬಿಡಿಸಿ ಹೇಳುವುದು ಹೇಗೆ? "ಮೊದಲೇ ಹೇಳಿರಲಿಲ್ವಾ, ಅದನ್ನ ಆಡಬೇಡ ಅಂತ" ಎಂಬ ಉತ್ತರವೇ ಕಾದಿರುತ್ತದೆಂದು ಗೊತ್ತಿರುವ ಹುಡುಗಿ ಬಾಯಿಬಿಡುವುದಿಲ್ಲ. ಆ ಮೌನವೇ ಕೆಟ್ಟವರಿಗೆ ಬೇಕಾದದ್ದು.

ಕಣ್ಣು ಕೆಡುತ್ತದೆ, ಓದು ಹಾಳಾಗುತ್ತದೆ, ಹಣ ಪೋಲಾಗುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆಟ ಕೊಂಡ ಮೇಲೂ ಹೊಸ ಪಾತ್ರಗಳಿಗೆ ಬೇರೆ ದುಡ್ಡು ಕೇಳುವ ವ್ಯಾಪಾರವನ್ನು ನಾನೂ ಕಂಡಿದ್ದೇನೆ. ಗಡಿಯಾರ ನೋಡಿ ಹೊತ್ತು ಗೊತ್ತು ಮಾಡಿ, ಬೇಡವೆನ್ನುವವರು ಯಾರು? ಆದರೆ ಮಗನಿಗೆ ಒಂದು ಗಂಟೆಯಾದರೆ ಮಗಳಿಗೂ ಒಂದು ಗಂಟೆ. ಮಗಳ ಓದು ಮಾತ್ರ ಹಾಳಾಗುತ್ತದೆ, ಮಗನ ಕಣ್ಣು ಕಲ್ಲಿನದು ಎಂಬಂತೆ ನಡೆದುಕೊಳ್ಳಬೇಡಿ.

ಅಮೆರಿಕದ ಕಥೆ ನಮಗೇಕೆ ಎನ್ನಬೇಡಿ. ನಮ್ಮೂರಿನ ಮನೆಗಳಲ್ಲಿ ಈ ಯಂತ್ರ ಇಲ್ಲದಿದ್ದರೂ ಮೊಬೈಲ್ ಇದೆ. ಅದರಲ್ಲೂ ಆಟಗಳಿವೆ, ಅಲ್ಲೂ ಅಣ್ಣನದೇ ಮೊದಲ ಸರದಿ. ನಮ್ಮ ಕಾಲದಲ್ಲಿ ಚೌಕಾಬಾರ, ಅಳಗುಳಿ ಮಣೆ, ಕುಂಟೆಬಿಲ್ಲೆ ಎಂದಾದರೂ ಇದ್ದವು. ಮಧ್ಯಾಹ್ನದ ಹೊತ್ತು ಅಜ್ಜಿಯರೇ ಕವಡೆ ಹಿಡಿದು ಕೂರುತ್ತಿದ್ದರು, ಮೋಸ ಮಾಡಿ ಗೆಲ್ಲುತ್ತಿದ್ದರು, ಜಗಳವಾಡುತ್ತಿದ್ದರು. ಆಡುವ ಹೆಂಗಸನ್ನು ನೋಡಿಯೇ ಹುಡುಗಿ ಆಡಲು ಕಲಿಯುವುದು. ನಾವು ಆಡುವುದನ್ನು ಬಿಟ್ಟೆವು, ಆಡಿಕೊಳ್ಳುವುದನ್ನು ಮಾತ್ರ ಉಳಿಸಿಕೊಂಡೆವು.

ಹೋಗಿ ಮಕ್ಕಳ ಪಕ್ಕದಲ್ಲಿ ಕೂರಿ. ಇವರು ಯಾರು, ಇವಳ ಕೈಯಲ್ಲೇನು ಎಂದು ಕೇಳಿ. ಅವರು ನಿಮ್ಮ ಕೈಗೂ ಒಂದು ಕಂಟ್ರೋಲರ್ ಕೊಡುತ್ತಾರೆ. ನೀವು ಎಗರಿ ಬೀಳುತ್ತೀರಿ, ಅವರು ನಗುತ್ತಾರೆ, ನಗಲಿ. ಮಗಳ ಸರದಿ ಬಂದಾಗ ಯಾರೇ ಒಳಗಿನಿಂದ ಕರೆದರೂ "ಅವಳು ಆಡುತ್ತಿದ್ದಾಳೆ" ಎಂದು ಗಟ್ಟಿಯಾಗಿ ಹೇಳಿ. ಅಷ್ಟು ಹೇಳುವ ಒಬ್ಬ ಹೆಂಗಸು ಪ್ರತಿ ಮನೆಯಲ್ಲೂ ಇದ್ದರೆ ಸಾಕು.