ಹಳೆಯ ಜನನ–ಮರಣ ದಾಖಲೆಗಳನ್ನು ಉಳಿಸಬೇಕು



1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ 17ನೇ ಪ್ರಕರಣದಂತೆ ಯಾವುದೇ ವ್ಯಕ್ತಿ ನಿಗದಿತ ಶುಲ್ಕ ತೆತ್ತು ನೋಂದಣಿ ಪುಸ್ತಕದಲ್ಲಿ ಶೋಧ ಮಾಡಿಸಿ, ಅಲ್ಲಿನ ನಮೂದಿಗೆ ಸಂಬಂಧಿಸಿದ ಪ್ರಮಾಣಪತ್ರವನ್ನು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ಅದರಲ್ಲಿ ತೋರಿಸುವಂತಿಲ್ಲ. ಆದರೆ ವಂಶಾವಳಿ, ಅಂದರೆ ತಲೆಮಾರುಗಳ ಸಂಬಂಧವನ್ನು ಕ್ರಮವಾಗಿ ತೋರಿಸುವ ಪಟ್ಟಿ, ರಚಿಸಲು ಹೊರಟವರಿಗೆ ಈ ಹಕ್ಕು ಕಾಗದದ ಮೇಲಷ್ಟೇ ಉಳಿಯುವ ಸಂದರ್ಭಗಳಿವೆ.

ಹಳೆಯ ಪುಸ್ತಕಗಳ ಪುಟ ತೆರೆದರೆ ಮಗುವಿನ ಹೆಸರಿನ ಅಂಕಣ ಎಷ್ಟೋ ಕಡೆ ಖಾಲಿಯಿದ್ದು, ಹುಟ್ಟಿದ ತಾರೀಖು, ಗಂಡು ಅಥವಾ ಹೆಣ್ಣು ಎಂಬ ಮಾತು ಮತ್ತು ತಂದೆಯ ಹೆಸರು ಮಾತ್ರ ಕಾಣುತ್ತವೆ. ನಾಮಕರಣಕ್ಕೆ ಮುನ್ನವೇ ನೋಂದಣಿಯಾಗುತ್ತಿದ್ದುದು ಇದಕ್ಕೆ ಕಾರಣ. ಆದ್ದರಿಂದ ಅರ್ಜಿದಾರರು ಮಗುವಿನ ಹೆಸರನ್ನಷ್ಟೇ ಬರೆಯದೆ, ತಂದೆಯ ಹೆಸರು, ಗ್ರಾಮ ಮತ್ತು ಅಂದಾಜು ವರ್ಷಗಳನ್ನು ನಮೂದಿಸುವುದು ಅಗತ್ಯ. ಶೋಧದ ನಂತರವೂ ನಮೂದು ಸಿಗದಿದ್ದರೆ ಅಲಭ್ಯತಾ ಪ್ರಮಾಣಪತ್ರವನ್ನು, ಎಂದರೆ ದಾಖಲೆ ಲಭ್ಯವಿಲ್ಲವೆಂಬ ಲಿಖಿತ ದೃಢೀಕರಣವನ್ನು, ಕೇಳಿ ಪಡೆಯಬೇಕು.

ಗೆದ್ದಲು ಹಿಡಿದ, ಅಂಚು ಪುಡಿಯಾದ ಪುಸ್ತಕವೊಂದು ನಾಶವಾದರೆ ಅದರೊಂದಿಗೆ ಒಂದು ಊರಿನ ಹುಟ್ಟು–ಸಾವುಗಳ ಸಾಕ್ಷ್ಯವೇ ಅಳಿಯುತ್ತದೆ. ಹೆಸರಿಡುವ ಮೊದಲೇ ತೀರಿಕೊಂಡ ಶಿಶುಗಳಿಗಂತೂ ಆ ಒಂದು ಸಾಲಿನ ಹೊರತು ಬೇರೆ ಗುರುತೇ ಇರಲಾರದು. ಆದುದರಿಂದ ಸರ್ಕಾರವು ತಾಲ್ಲೂಕು ಕಚೇರಿಗಳಲ್ಲಿ ಉಳಿದಿರುವ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿಸಿ, ಗ್ರಾಮವಾರು ಸೂಚಿಯೊಂದಿಗೆ ಸಂಶೋಧಕರಿಗೂ ಕುಟುಂಬಗಳಿಗೂ ಒದಗಿಸಬೇಕೆಂಬುದು ವಿನಮ್ರ ಮನವಿ.

– ಕುಟುಂಬ ಚರಿತ್ರೆಯ ಆಸಕ್ತರೊಬ್ಬರು, ಧಾರವಾಡ